ಹಾಡಹಗಲಲ್ಲಿ ಟಾರ್ಚ್ ಯಾಕಮ್ಮಾ?

ಮಕ್ಕಳೇ, ನಿಮ್ಮಲ್ಲಿ ಕೆಲವರು ರಜೆಯಲ್ಲಿ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುವವರಿದ್ದೀರಿ. ನನ್ನ ಮಗನೂ ಹೊರಟಿದ್ದಾನೆ. ಟಾರ್ಚ್ ಇಟ್ಟುಕೋ ಎಂದರೆ, "ಹಾಡಹಗಲಲ್ಲಿ ಯಾಕಮ್ಮಾ?" ಎಂದು ನಕ್ಕ.

ನೀರು ಮೊದಲು ನುಂಗುವುದೇ ಕೆಂಪು ಬಣ್ಣವನ್ನು. ಹತ್ತು ಮೀಟರ್ ಇಳಿದರೆ ಕುಂಕುಮವೂ ಮಂಕಾಗಿ ಕಾಣುತ್ತದೆ. ಹತ್ತಿರದಿಂದ ಬೆಳಕು ಬಿಟ್ಟರೆ ಹವಳ, ಮೀನುಗಳ ನಿಜವಾದ ಬಣ್ಣ ಮರಳುತ್ತದೆ, ಬಂಡೆಯ ಸಂದಿಯಲ್ಲಿ ಅಡಗಿದ್ದೂ ಕಾಣುತ್ತದೆ.

ಸರಿ, ನಮ್ಮ ಬೇಗಂ ಬಜಾರಿನಲ್ಲಿ ಸಿಗದ ವಸ್ತುವುಂಟೇ! ಪಾತ್ರೆ ಕೊಳ್ಳಲು ಹೋದವಳು ಒಂದು 'ವಾಟರ್‌ಪ್ರೂಫ್' ಟಾರ್ಚ್ ತಂದೆ. ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ನೋಡಿದರೆ ಗಾಜಿನೊಳಗೆ ನೀರು! ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಮಳೆ ತಡೆಯುವ ಟಾರ್ಚ್ ಅಲ್ಲಿ ತಡೆದೀತೇ? ಎಷ್ಟು ಮೀಟರ್ ಆಳಕ್ಕೆ ಎಂದು ಬರೆದಿರುವ ಡೈವಿಂಗ್ ಟಾರ್ಚೇ ಆಗಬೇಕು.

ಮೊದಲ ಸಲ ಇಳಿಯುವವರಿಗೆ ಅದು ಬೇಡವೇ ಬೇಡ. ಉಸಿರಾಟದ ಕಡೆ ಗಮನವಿರಲಿ. ತರಬೇತಿ ಪಡೆದವರು ಚಿಕ್ಕದೊಂದನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಿ. ಕೈಯಲ್ಲಿ ಬೆಳಕಿದೆಯೆಂದು ಗುಹೆಯೊಳಗೆ ಮಾತ್ರ ನುಗ್ಗಬೇಡಿ, ನಿಮ್ಮ ತಾಯಂದಿರ ಪರವಾಗಿ ಹೇಳುತ್ತಿದ್ದೇನೆ. ವಿಮಾನದಲ್ಲಿ ಹೋಗುವವರು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಬಕೆಟ್ಟಿಗೆ ಬಿದ್ದ ಟಾರ್ಚನ್ನು ಒಣಗಿಸಿದ್ದೇನೆ. ಕರೆಂಟ್ ಹೋದಾಗ ಅಡುಗೆಮನೆಯಲ್ಲಿ ಚೆನ್ನಾಗಿಯೇ ಉರಿಯುತ್ತಿದೆ.