ಚಕ್ರಗಳ ಮೇಲಣ ವಾನಪ್ರಸ್ಥ

ನರೆ ಮೂಡಿದ ಮೇಲೆ ಗೃಹಸ್ಥನು ಮನೆಯನ್ನು ಬಿಟ್ಟು ಹೊರಡಬೇಕೆಂದು ನಮ್ಮ ಸ್ಮೃತಿಕಾರರು ವಿಧಿಸಿದ್ದರು. ಆಸ್ಟ್ರೇಲಿಯಾದ ನಿವೃತ್ತ ದಂಪತಿಗಳಲ್ಲಿ ಅನೇಕರು ಮನೆಯನ್ನೇ ಜೊತೆಗೆ ಕೊಂಡು ಹೊರಡುವರು. ಹಾಸಿಗೆ, ಒಲೆ, ನೀರಿನ ತೊಟ್ಟಿಗಳುಳ್ಳ ಮೋಟಾರು ವಾಹನವೇ ಅವರ ಬಿಡಾರ. ‘ನರೆಗೂದಲ ಅಲೆಮಾರಿಗಳು’ ಎಂಬುದು ಅವರಿಗೆ ಅಲ್ಲಿ ರೂಢಿಯಾಗಿರುವ ಹೆಸರು. ಜೂನ್ ತಿಂಗಳ ಚಳಿ ಬಂದೊಡನೆ ದಕ್ಷಿಣವನ್ನು ಬಿಟ್ಟು ಉತ್ತರದ ಬಿಸಿಲಿನ ಕಡೆಗೆ ತೆರಳುವರು. ಖಂಡವನ್ನು ಸುತ್ತಿಬರುವ ಒಂದನೆಯ ಹೆದ್ದಾರಿಯ ಉದ್ದವು ಸುಮಾರು 14,500 ಕಿಲೋಮೀಟರು. ಅದರಲ್ಲಿ ಒಂದೆಡೆ 146 ಕಿಲೋಮೀಟರುಗಳವರೆಗೆ ಒಂದು ತಿರುವೂ ಇಲ್ಲ. ಆದರೂ ಅವರಿಗೆ ಆತುರವಿಲ್ಲ. ಬೆಳಗಿನ ಚಹವಾದ ಮೇಲೆ ಪ್ರಯಾಣ. ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ನೆಗೆಯುವುದರಿಂದ ಹೊತ್ತು ಮುಳುಗುವ ಮೊದಲೇ ತಂಗುವರು.

ಇದನ್ನು ಕೇವಲ ಸಿರಿವಂತರ ವಿಲಾಸವೆಂದು ತಳ್ಳಿಹಾಕಲಾಗದು. ವೃದ್ಧಾಪ್ಯವೇತನಕ್ಕಾಗಿ ಇಡೀ ಆಸ್ಟ್ರೇಲಿಯಾಕ್ಕೆ ಅನ್ವಯಿಸುವ ಶಾಸನವಾದುದು 1908ರಲ್ಲಿ; ದೂರದ ಒಳನಾಡಿಗೆ ವೈದ್ಯರನ್ನು ವಿಮಾನದಲ್ಲಿ ಕಳುಹಿಸುವ ಏರ್ಪಾಡು ಮೊದಲಾದುದು 1928ರಲ್ಲಿ. ಇಂದಿನ ವೃದ್ಧರ ನಿಶ್ಚಿಂತೆಗೆ ಅಂದಿನ ದೂರದೃಷ್ಟಿಯೇ ಬುನಾದಿಯಾಗಿರುವುದು. ಮಕ್ಕಳ ಕೈನೋಡದೆ ಹೀಗೆ ನೆಮ್ಮದಿಯಿಂದ ಹೊರಡಬಲ್ಲ ವೃದ್ಧರು ನಮ್ಮಲ್ಲಿ ಎಷ್ಟು ಮಂದಿ ಇರುವರು? ದುಡಿದ ಜೀವಕ್ಕೆ ವಿಶ್ರಾಂತಿಯನ್ನು ಸಲ್ಲಿಸುವುದು ರಾಷ್ಟ್ರವು ತೀರಿಸಬೇಕಾದ ಋಣವೆಂಬುದನ್ನು ನಾವು ಮರೆಯಲಾಗದು.