ಮೊಮ್ಮಗಳಿಗೊಂದು ಬೇಸ್ ಗಿಟಾರ್

ಆರು ತಂತಿಯ ಗಿಟಾರಿಗಿಂತ ನಾಲ್ಕು ತಂತಿಯ ಗಿಟಾರಿಗೆ ಬೆಲೆ ಹೆಚ್ಚು ಏಕೆ? ಜೀವಮಾನವೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಮೊದಲು ಹೊಳೆಯುವ ಪ್ರಶ್ನೆ ಇದೇ. ಎರಡು ತಂತಿ ಕಡಿಮೆ, ಅಂದಮೇಲೆ ದುಡ್ಡೂ ಕಡಿಮೆ ಇರಬೇಕಲ್ಲ! ಕೈಗೆತ್ತಿಕೊಂಡು ನೋಡಿದರೆ ಉತ್ತರ ಸಿಗುತ್ತದೆ. ಬೇಸ್ ಗಿಟಾರಿನ ಕತ್ತು ಉದ್ದ, ಮರ ಹೆಚ್ಚು, ತೂಕ ಸುಮಾರು ನಾಲ್ಕು ಕಿಲೋ. ಮಾಮೂಲಿ ಗಿಟಾರಿನ ಅತಿ ದಪ್ಪ ತಂತಿ ಒಂದೂ ಕಾಲು ಮಿಲಿಮೀಟರ್ ಕೂಡ ಇಲ್ಲ. ಬೇಸ್‌ನದು ಎರಡೂವರೆ ಮಿಲಿಮೀಟರ್ ದಾಟುತ್ತದೆ. ಅಂಥ ತಂತಿಯನ್ನು ಬಿಗಿದು ಹಿಡಿಯುವ ಬಿರಡೆಗಳೂ ಗಟ್ಟಿಯಾಗಿರಬೇಕು.

ಎಂಟನೇ ತರಗತಿಯ ನನ್ನ ಮೊಮ್ಮಗಳಿಗೆ ಶಾಲೆಯ ವಾದ್ಯವೃಂದದಲ್ಲಿ ಜಾಗ ಸಿಕ್ಕಿದೆ. ಗಿಟಾರಿಗೆ ಮೂವರು ಪೈಪೋಟಿ, ಬೇಸ್‌ಗೆ ಯಾರೂ ಇಲ್ಲ. ‘ನಾನು ನುಡಿಸ್ತೀನಿ’ ಎಂದು ಇವಳು ಕೈ ಎತ್ತಿ ಬಂದಿದ್ದಾಳೆ. ಶಾಲೆಯ ಬೇಸ್ ಗಿಟಾರನ್ನು ಮನೆಗೆ ಕಳಿಸುವುದಿಲ್ಲ. ಮನೆಯಲ್ಲಿ ಅಭ್ಯಾಸವಿಲ್ಲದೆ ವಾರ್ಷಿಕೋತ್ಸವದ ಹೊತ್ತಿಗೆ ನಾಲ್ಕು ಹಾಡು ಕಲಿಯುವುದು ಆಗದ ಮಾತು. ಅವಳ ಅಪ್ಪನ ಕಾರ್ಖಾನೆಯಲ್ಲಿ ಈ ವರ್ಷ ಓವರ್‌ಟೈಮ್ ನಿಂತುಹೋಗಿದೆ. ಹೀಗಾಗಿ ಲೆಕ್ಕ ನನ್ನ ಪಿಂಚಣಿಯ ಕಡೆಗೆ ತಿರುಗಿತು. ಹದಿನಾರು ಸಾವಿರ ರೂಪಾಯಿ, ಅದರ ಮೇಲೆ ಒಂದು ಪೈಸೆಯೂ ಇಲ್ಲ ಎಂದೆ. ‘ಮೂರು ತಿಂಗಳಾದ ಮೇಲೆ ಅಟ್ಟದ ಮೇಲಿರುವ ಕೀಬೋರ್ಡಿಗೆ ಜೊತೆಯಾಗುತ್ತೆ ಬಿಡಿ’ ಎಂದ ಮಗ. ಆ ಮಾತಿಗೆ ಹುಡುಗಿಯ ಮುಖ ಸಣ್ಣದಾಯಿತು.

ಮಕ್ಕಳೇ, ಬೇಸ್ ಗಿಟಾರಿನ ದನಿ ಹೇಗಿರುತ್ತದೆ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿ. ಶಂಕರ್‌ನಾಗ್ ಅವರ 1981ರ ‘ಗೀತಾ’ ಚಿತ್ರದ ಹಾಡುಗಳು ನಿಮ್ಮ ಅಜ್ಜಿ ತಾತನಿಗೆ ಗೊತ್ತಿರುತ್ತವೆ. ಇಳಯರಾಜಾ ಸಂಗೀತ. ಒಂದು ಹಾಡನ್ನು ಮೊದಲು ಮೊಬೈಲಿನ ಸ್ಪೀಕರಿನಲ್ಲಿ ಕೇಳಿ, ಆಮೇಲೆ ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿ. ಎರಡನೇ ಸಲ ಕೆಳಗಿನಿಂದ ದುಂಡಗಿನ ದನಿಯೊಂದು ಹಾಡಿನ ಜೊತೆಗೇ ಹೆಜ್ಜೆ ಹಾಕುವುದು ಕೇಳಿಸುತ್ತದೆ. ಅದೇ ಬೇಸ್. ನಮ್ಮ ಸಂಗೀತದ ಮಾತಿನಲ್ಲಿ ಮಂದ್ರ ಸ್ಥಾಯಿ. ಅದರ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮಾಮೂಲಿ ಗಿಟಾರಿನ ದಪ್ಪ ತಂತಿ 82 ಸಲ. ಸರಿಯಾಗಿ ಅರ್ಧ, ಅಂದರೆ ಒಂದು ಸ್ಥಾಯಿ ಕೆಳಗೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟೊಂದು ಗಾಳಿಯನ್ನು ತಳ್ಳುವ ಶಕ್ತಿಯಿಲ್ಲ, ಅದಕ್ಕೇ ಮೊದಲ ಸಲ ಕೇಳಿಸಲಿಲ್ಲ. ಈ ಮಾತು ನೆನಪಿರಲಿ, ಆಂಪ್ಲಿಫೈಯರ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಕಾರ್ಖಾನೆಯಲ್ಲಿ ತಯಾರಾಗಿ ಜನಪ್ರಿಯವಾದ ಮೊದಲ ವಿದ್ಯುತ್ ಬೇಸ್ ಗಿಟಾರ್ ಅಮೆರಿಕದ ಲಿಯೋ ಫೆಂಡರ್ ಎಂಬುವರದು, 1951ರಲ್ಲಿ ಬಂತು. ಅವರು ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. ಗಿಟಾರ್ ನುಡಿಸಲು ಅವರಿಗೇ ಬರುತ್ತಿರಲಿಲ್ಲವಂತೆ! ಅಲ್ಲಿಯವರೆಗೆ ಮಂದ್ರಕ್ಕೆ ಆಳೆತ್ತರದ, ನಿಂತು ನುಡಿಸುವ ಡಬಲ್ ಬೇಸ್ ಬೇಕಿತ್ತು.

ಆದರೆ ಬಡವರ ಬೇಸ್ ಕತೆ ಬೇರೆಯದೇ ಇದೆ. 1961ರಲ್ಲಿ ಬೀಟಲ್ಸ್ ತಂಡದ ಹುಡುಗರು ಜರ್ಮನಿಯ ಹ್ಯಾಂಬರ್ಗ್ ಊರಿನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನುಡಿಸುತ್ತಿದ್ದರು. ಬೇಸ್ ನುಡಿಸುತ್ತಿದ್ದ ಗೆಳೆಯ ತಂಡ ಬಿಟ್ಟ. ಆ ಜಾಗ ಉಳಿದವರಿಗೆ ಬೇಡ. ಕೊನೆಗೆ ಪಾಲ್ ಮೆಕಾರ್ಟ್ನಿ ಒಪ್ಪಿಕೊಂಡರು. ಫೆಂಡರ್ ಕೊಳ್ಳಲು ನೂರು ಪೌಂಡಿನಷ್ಟು ಬೇಕು, ಕೈಯಲ್ಲಿ ಅಷ್ಟಿಲ್ಲ. ಅಲ್ಲಿನ ಅಂಗಡಿಯಲ್ಲಿ ಹೋಫ್ನರ್ ಕಂಪನಿಯ, ಪಿಟೀಲಿನ ಆಕಾರದ ಬೇಸ್ ಸುಮಾರು ಮೂವತ್ತು ಪೌಂಡಿಗೆ ಸಿಕ್ಕಿತು. ಹಗುರ, ಒಳಗೆ ಟೊಳ್ಳು, ಕತ್ತು ಗಿಡ್ಡ. ಅವರು ಎಡಚರು, ಎರಡೂ ಕಡೆ ಒಂದೇ ಆಕಾರವಿದ್ದದ್ದರಿಂದ ತಿರುಗಿಸಿ ಹಿಡಿದರೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಆ ಅಗ್ಗದ ಬೇಸ್ ಮುಂದೆ ಜಗತ್ಪ್ರಸಿದ್ಧವಾಯಿತು. 1972ರಲ್ಲಿ ಲಂಡನ್‌ನಲ್ಲಿ ಕಳುವಾಗಿ, ಐವತ್ತು ವರ್ಷಗಳ ಮೇಲೆ ಪತ್ತೆಯಾಗಿ, ಮರಳಿ ಅವರ ಕೈ ಸೇರಿದ ಸುದ್ದಿ 2024ರಲ್ಲಿ ಹೊರಬಂತು. ಇದನ್ನು ಹೇಳಿದ ಮೇಲೆ ಮೊಮ್ಮಗಳ ಮುಖ ಮತ್ತೆ ಅರಳಿತು.

ನಾವು ಹೋದ ಮೊದಲ ಅಂಗಡಿಯಲ್ಲಿ ಹುಡುಗನೊಬ್ಬ ‘ಸಾರ್, ಇದು ಕಾಂಬೋ. ಬೇಸು, ಆಂಪು, ಬ್ಯಾಗು, ಬೆಲ್ಟು ಎಲ್ಲಾ ಸೇರಿ ನಿಮ್ಮ ಬಜೆಟ್ಟೇ’ ಎಂದ. ದೊಡ್ಡ ಡಬ್ಬಿ, ಮೇಲೆ ಬಣ್ಣದ ಚಿತ್ರ. ಇವಳು ಕತ್ತಿನ ತುದಿಯ ಮೊದಲ ಫ್ರೆಟ್ಟನ್ನು ಒತ್ತಲು ಹೋದರೆ ಎಡಗೈ ಪೂರ್ತಿ ಚಾಚಬೇಕಾಯಿತು, ಬೆರಳು ನಡುಗಿತು. ನಾನು ಡಬ್ಬಿ ಮುಚ್ಚಿಸಿದೆ. ಇರುವ ಸ್ವಲ್ಪ ದುಡ್ಡನ್ನು ಐದು ವಸ್ತುಗಳಿಗೆ ಹಂಚಿದರೆ ಐದೂ ಅರೆಬರೆಯಾಗುತ್ತವೆ ಎಂಬುದು ನನ್ನ ಅಭಿಪ್ರಾಯ. ಅಟ್ಟಕ್ಕೆ ಹೋಗುವ ವಾದ್ಯಗಳಲ್ಲಿ ಎಷ್ಟೋ ಮಕ್ಕಳ ಸೋಮಾರಿತನದಿಂದ ಹೋದವಲ್ಲ. ತಂತಿ ಎತ್ತರವಾಗಿದ್ದು ಬೆರಳು ನೊಂದು ಹೋದವು. ಮೊದಲ ದುಡ್ಡು ಬೆರಳಿಗೆ ಹಿತವಾಗಿರುವ ಗಿಟಾರಿಗೇ ಹೋಗಬೇಕು. ಆಂಪ್ ಕಾಯಬಹುದು.

ಅದೇ ಹುಡುಗ ‘ನೋ ಕಾಸ್ಟ್ ಇಎಂಐ ಇದೆ ಸಾರ್, ದೊಡ್ಡದೇ ತಗೊಳ್ಳಿ’ ಎಂದೂ ಹೇಳಿದ. ಬ್ಯಾಂಕಿನವನ ಮುಂದೆ ಈ ಮಾತೇ! ಸಂಸ್ಕರಣಾ ಶುಲ್ಕ ಎಷ್ಟು, ಬಡ್ಡಿಯ ಮೇಲಿನ ಜಿಎಸ್‌ಟಿ ಯಾರು ಕಟ್ಟುವುದು, ನಗದು ಕೊಟ್ಟರೆ ಸಿಗುವ ರಿಯಾಯಿತಿ ಇದರಲ್ಲಿ ಉಂಟೇ ಎಂದು ಮೂರು ಪ್ರಶ್ನೆ ಕೇಳಿದೆ. ಅವನು ಬೇರೆ ಗಿರಾಕಿಯ ಕಡೆ ಹೋದ.

ಇನ್ನು ಉದ್ದದ ವಿಷಯ. ಬೇಸ್‌ನ ತಂತಿ ಮೇಲಿನ ನಟ್‌ನಿಂದ ಕೆಳಗಿನ ಬ್ರಿಜ್‌ವರೆಗೆ (ವೀಣೆಯಲ್ಲಿ ಕುದುರೆ ಎನ್ನುತ್ತಾರಲ್ಲ, ಅದೇ) ಸಾಮಾನ್ಯವಾಗಿ 34 ಇಂಚು. ಗಿಡ್ಡ ಕತ್ತಿನದು, ಶಾರ್ಟ್ ಸ್ಕೇಲ್ ಎಂಬುದು, 30 ಇಂಚು. ಐಬನೆಜ್ ಕಂಪನಿಯ ಮಿಕ್ರೋ ಎಂಬುದು ಇನ್ನೂ ಚಿಕ್ಕದು, 28.6 ಇಂಚು. ಹನ್ನೆರಡು ಹದಿಮೂರರ ಕೈಗೆ ಗಿಡ್ಡದೇ ಸರಿ. ದೊಡ್ಡವರಾದ ಮೇಲೂ ಅದನ್ನೇ ನುಡಿಸುವವರಿದ್ದಾರೆ. ಅಳೆಯಲು ಸುಲಭದ ದಾರಿಯಿದೆ. ನಟ್‌ನಿಂದ ಹನ್ನೆರಡನೇ ಫ್ರೆಟ್‌ವರೆಗೆ ಟೇಪ್ ಹಿಡಿದು ಎರಡರಿಂದ ಗುಣಿಸಿ. ತಂತಿಯ ಉದ್ದ ಅರ್ಧವಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ, ಹನ್ನೆರಡನೇ ಫ್ರೆಟ್ ಕೂರುವುದು ಆ ಅರ್ಧದಲ್ಲೇ. ವೀಣೆಯಲ್ಲಿ ಒಂದು ಸ್ಥಾಯಿಗೆ ಹನ್ನೆರಡರಂತೆ ಎರಡು ಸ್ಥಾಯಿಗೆ ಇಪ್ಪತ್ತನಾಲ್ಕು ಮೆಟ್ಟಿಲುಗಳಿವೆ. ಎರಡು ದೇಶ, ಒಂದೇ ಗಣಿತ.

ಹೊಸ ಶಾರ್ಟ್ ಸ್ಕೇಲ್ ನಮ್ಮ ಲೆಕ್ಕಕ್ಕೆ ನಿಲುಕಲಿಲ್ಲ. ಕೊನೆಗೆ ಪರಿಚಯದವರ ಮೂಲಕ, ಓದಲು ಹೊರದೇಶಕ್ಕೆ ಹೊರಟಿದ್ದ ಹುಡುಗನ ಮನೆಯಲ್ಲಿ ಒಂದು ಹಳೆಯದು ಸಿಕ್ಕಿತು. ಹಳೆಯ ಮಾಲು ಎಂದರೆ ನಮ್ಮ ಮನೆಯಲ್ಲಿ ಭಯ. ಆದರೆ ಸಂಗೀತದ ಗಂಧವಿಲ್ಲದ ಅಜ್ಜ ಅಜ್ಜಿಯರೂ ಮಾಡಬಹುದಾದ ಪರೀಕ್ಷೆಗಳಿವೆ. ನಾವು ಒಂದು ಗಂಟೆ ಹಿಡಿದೆವು, ಆ ಹುಡುಗನ ತಾಯಿ ಎರಡು ಸಲ ಕಾಫಿ ಕೊಟ್ಟರು.

ಮೊದಲು ಕತ್ತು. ಬಡಗಿ ಹಲಗೆಯನ್ನು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ತಲೆಯ ಕಡೆಯಿಂದ ಉದ್ದಕ್ಕೂ ನೋಡಿ. ತುಸು ಒಳಬಾಗು ಇರಲೇಬೇಕು, ಅದು ತಪ್ಪಲ್ಲ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿದರೆ ನಡುವೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಕಂಡರೆ ಸಾಕು. ಬಾಗು ಜಾಸ್ತಿಯಾಗಿದ್ದರೆ ಕತ್ತಿನೊಳಗೆ ಉಕ್ಕಿನ ಸಲಾಕೆ ಇರುತ್ತದೆ, ಅದನ್ನು ತಿರುಗಿಸಿ ಸರಿಪಡಿಸುತ್ತಾರೆ. ಮಳೆಗಾಲದಲ್ಲಿ ಮರ ಅಲುಗಾಡುವುದು ಸಹಜ. ಆದರೆ ಕತ್ತು ತಿರುಚಿಕೊಂಡಿದ್ದರೆ, ಒಂದು ಅಂಚು ಮೇಲೆ ಇನ್ನೊಂದು ಕೆಳಗೆ ಇದ್ದರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಮಸ್ಕಾರ ಹೇಳಿ ಬನ್ನಿ.

ತಂತಿಯ ಎತ್ತರ ಅಳೆಯಲು ಮೊಮ್ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಒಯ್ದಿದ್ದೆ. ಹನ್ನೆರಡನೇ ಫ್ರೆಟ್‌ನ ಮೇಲೆ ದಪ್ಪ ತಂತಿ ಎರಡು, ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಒಳ್ಳೆಯದು. ಮೂರು ದಾಟಿದರೆ ಹೊಸ ಬೆರಳಿಗೆ ಶಿಕ್ಷೆ. ಕತ್ತಿನ ಅಂಚಿನ ಮೇಲೆ ಅಂಗೈ ಸವರಿದರೆ ಫ್ರೆಟ್‌ಗಳ ತುದಿ ಚುಚ್ಚಬಾರದು. ಆಮೇಲೆ ಪ್ರತಿ ತಂತಿಯನ್ನು ಪ್ರತಿ ಫ್ರೆಟ್‌ನಲ್ಲೂ ಒತ್ತಿ ಮೀಟಿಸಿದೆ. ನಾಲ್ಕು ತಂತಿ, ಇಪ್ಪತ್ತೆರಡು ಫ್ರೆಟ್, ಒಟ್ಟು 88 ದನಿ. ‘ತಾತ, ನೋಟು ಎಣಿಸ್ತಿದ್ದೀಯಾ?’ ಎಂದು ನಕ್ಕಳು. ಹೌದು, ಕಟ್ಟಿನಲ್ಲಿ ಒಂದು ನೋಟು ಹರಿದಿದ್ದರೆ ಎಣಿಸಿದಾಗಲೇ ಗೊತ್ತಾಗುವುದು. ಎರಡು ಕಡೆ ಗರಗರ ಎಂದಿತು, ಉಳಿದ ಕಡೆ ಸ್ವಚ್ಛ.

ಶ್ರುತಿಯ ಪರೀಕ್ಷೆಗೆ ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಟ್ಯೂನರ್ ಆ್ಯಪ್ ಸಾಕು. ಹನ್ನೆರಡನೇ ಫ್ರೆಟ್‌ನ ಸರಿಯಾಗಿ ಮೇಲೆ ತಂತಿಯನ್ನು ಒತ್ತದೆ ಬರೀ ಸೋಕಿ ಮೀಟಿದರೆ ಗಂಟೆಯಂಥ ದನಿ ಬರುತ್ತದೆ. ಮತ್ತೆ ಅಲ್ಲೇ ಒತ್ತಿ ಮೀಟಿ. ಆ್ಯಪ್ ಎರಡಕ್ಕೂ ಒಂದೇ ಸ್ವರ ತೋರಿಸಬೇಕು. ಕೊಂಚ ವ್ಯತ್ಯಾಸವಿದ್ದರೆ ಬ್ರಿಜ್‌ನ ತಿರುಪಿನಲ್ಲಿ ಸರಿಹೋಗುತ್ತದೆ. ಕೊನೆಗೆ ಕೇಬಲ್ ಚುಚ್ಚಿ, ಗುಂಡಿಗಳನ್ನು ತಿರುಗಿಸಿ ನೋಡಿ. ಕರಕರ ಎಂದರೆ ಧೂಳು, ಶುಚಿ ಮಾಡಿದರೆ ಹೋಗುತ್ತದೆ. ಕೇಬಲ್ ಅಲುಗಾಡಿಸಿದಾಗ ದನಿಯೇ ಹೋಗಿ ಬರುತ್ತಿದ್ದರೆ ರಿಪೇರಿ ಖರ್ಚನ್ನು ಬೆಲೆಯಿಂದ ಕಳೆಯಿರಿ. ಬಣ್ಣ ಕಿತ್ತಿರುವುದಕ್ಕೆ, ಗೀರು ಬಿದ್ದಿರುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಚೌಕಾಸಿಗೆ ಮಾತ್ರ ಬಳಸಿಕೊಳ್ಳಿ.

ಐದು ತಂತಿ, ಆರು ತಂತಿಯ ಬೇಸ್‌ಗಳೂ ಉಂಟು. ಕಲಿಯುವವರಿಗೆ ನಾಲ್ಕೇ ಸಾಕು.

ಇನ್ನು ಆಂಪ್. ಮನೆಯ ಕೋಣೆಗಾದರೆ ಹತ್ತು ಹದಿನೈದು ವಾಟ್‌ನ ಬೇಸ್ ಆಂಪ್ ಸಾಕು. ಆದರೆ ಅದನ್ನು ಡ್ರಮ್ ಪಕ್ಕದಲ್ಲಿಟ್ಟರೆ ಇದೆಯೆಂದೇ ಗೊತ್ತಾಗುವುದಿಲ್ಲ. ಅಲ್ಲಿಗೆ ನೂರು ವಾಟ್ ಮೇಲ್ಪಟ್ಟದ್ದು ಬೇಕು. ಅಂದರೆ ನಮ್ಮ ದುಡ್ಡಿಗೆ ಬರುವ ಆಂಪ್ ಹೇಗೂ ವೇದಿಕೆಗೆ ಆಗದು, ಶಾಲೆಯಲ್ಲಿ ಶಾಲೆಯದೇ ಇದೆ. ‘ಗೆಳತಿಯ ಅಣ್ಣನ ಗಿಟಾರ್ ಆಂಪ್ ಇದೆ, ಅದಕ್ಕೆ ಚುಚ್ಚಿಕೊಳ್ಳಲಾ?’ ಎಂದು ಕೇಳಿದಳು. ಮೆಲ್ಲಗೆ ನುಡಿಸಿದರೆ ಅಡ್ಡಿಯಿಲ್ಲ. ದನಿ ಏರಿಸಿದರೆ ಮಂದ್ರದ ಹೊಡೆತಕ್ಕೆ ಆ ಸ್ಪೀಕರ್ ಹಾಳಾಗಬಹುದು, ಆಮೇಲೆ ಗೆಳೆತನವೂ! ಮನೆಯ ಟೇಪ್ ರೆಕಾರ್ಡರ್, ಸಂಗೀತದ ಡಬ್ಬಿಗಳಿಗೂ ಇದೇ ಮಾತು.

ನಾವು ಆರಿಸಿಕೊಂಡದ್ದು ಹೆಡ್‌ಫೋನ್ ಆಂಪ್. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಗಿಟಾರಿಗೇ ನೇರವಾಗಿ ಚುಚ್ಚಿ, ಅದಕ್ಕೆ ಹೆಡ್‌ಫೋನ್ ಸಿಕ್ಕಿಸಿ ನುಡಿಸುವುದು. ಬೇಸ್‌ಗೆಂದೇ ಮಾಡಿದ್ದನ್ನು ಕೇಳಿ ತನ್ನಿ. ಮೊಬೈಲಿನ ಹಾಡನ್ನೂ ಸೇರಿಸಿ ಕೇಳುವ ಕಿಂಡಿ ಇದ್ದರೆ ಹಾಡಿನ ಜೊತೆಗೇ ಅಭ್ಯಾಸವಾಗುತ್ತದೆ. ಮಂದ್ರದ ದನಿ ಗೋಡೆಯನ್ನು ದಾಟಿ ಹೋಗುವಂಥದ್ದು. ನಮ್ಮ ಮೇಲಿನ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಹುಡುಗನಿದ್ದಾನೆ. ಆ ತೊಂದರೆಯೂ ಇದರಲ್ಲಿಲ್ಲ. ಕಿವಿಯ ಹತ್ತಿರ ದನಿ ಕಡಿಮೆಯಿರಲಿ ಎಂಬುದನ್ನು ಮಾತ್ರ ಹಿರಿಯರು ಹೇಳುತ್ತಲೇ ಇರಬೇಕು.

ಹಳೆಯ ಆಂಪ್ ಕೊಳ್ಳುವವರಿದ್ದರೆ ಪ್ಲಗ್ಗನ್ನು ನೋಡಿ. ಮೂರು ಪಿನ್ನಿನದಾಗಿದ್ದು, ಅರ್ಥ್ ಪಿನ್ ಮುರಿದಿದ್ದರೆ ಅಥವಾ ಯಾರೋ ಎರಡು ಪಿನ್ನಿಗೆ ಬದಲಾಯಿಸಿದ್ದರೆ ಬೇಡವೇ ಬೇಡ. ನುಡಿಸುವವರ ಬೆರಳು ಲೋಹದ ತಂತಿಯ ಮೇಲಿರುತ್ತದೆ. ತಂತಿಗೂ ಆಂಪ್‌ಗೂ ಕೇಬಲ್ಲಿನ ಸಂಪರ್ಕವಿರುತ್ತದೆ.

ನಮ್ಮ ಮನೆಯ ಲೆಕ್ಕ ಹೀಗಾಯಿತು: ಹಳೆಯ ಬೇಸ್ 9,000. ಅದನ್ನು ಬಲ್ಲವರ ಕೈಗೆ ಕೊಟ್ಟು ಕತ್ತು, ತಂತಿ, ಶ್ರುತಿ ಸರಿಮಾಡಿಸಿದ್ದಕ್ಕೆ 800. ಕೇಬಲ್, ಭುಜದ ಅಗಲವಾದ ಬೆಲ್ಟ್, ಚೀಲ ಸೇರಿ 1,900. ಹೆಡ್‌ಫೋನ್ ಆಂಪ್ 2,800. ಒಟ್ಟು 14,500. ನಿಮ್ಮ ಊರಿನಲ್ಲಿ ಅಂಕಿ ಬೇರೆಯಾದೀತು, ಆದರೆ ಆ 800 ರೂಪಾಯಿಯನ್ನು ಮಾತ್ರ ಉಳಿಸಲು ಹೋಗಬೇಡಿ. ಗರಗರ ಎನ್ನುತ್ತಿದ್ದ ಎರಡು ಜಾಗಗಳೂ ಅದರಲ್ಲೇ ಸರಿಹೋದವು. ಬೇಸ್‌ನ ಹೊಸ ತಂತಿ ದುಬಾರಿ. ಹಳೆಯವನ್ನೇ ಒಣಬಟ್ಟೆಯಲ್ಲಿ ಒರೆಸಿ ಬಳಸುತ್ತಿದ್ದೇವೆ, ನುಡಿಸಿದ ಮೇಲೆ ಪ್ರತಿದಿನ ಒರೆಸುವುದು ಅವಳ ಅಜ್ಜಿಯ ಕೆಲಸವಾಗಿಬಿಟ್ಟಿದೆ.

ಉಳಿದ 1,500 ರೂಪಾಯಿಯ ಜೊತೆಗೆ ಅಂಚೆ ಕಚೇರಿಯಲ್ಲಿ ತಿಂಗಳಿಗೆ ಐನೂರರ ಆರ್.ಡಿ. ಶುರುಮಾಡಿದ್ದೇನೆ, ಪಾಸ್‌ಬುಕ್ಕಿನ ಮೇಲೆ ಅವಳು ಪೆನ್ಸಿಲ್ಲಿನಲ್ಲಿ ‘ಆಂಪ್’ ಎಂದು ಬರೆದಿದ್ದಾಳೆ. ಮೊದಲ ಹಾಡಿನ ಅರ್ಧ ಬಂದಿದೆ. ಮಗ ರಾತ್ರಿ ಕೆಲಸದಿಂದ ಬಂದು ಅವಳ ಹೆಡ್‌ಫೋನ್ ಎತ್ತಿ ತನ್ನ ಕಿವಿಗೆ ಹಾಕಿಕೊಂಡು, ‘ಇನ್ನೊಂದ್ಸಲ ನುಡಿಸು’ ಎನ್ನುತ್ತಾನೆ.