ಮಿಂಚಂಚೆಯ ದುರ್ಬಳಕೆ ಮತ್ತು ಸೇವಾ ಸಂಸ್ಥೆಗಳ ನಿಯಮಾವಳಿ

ಅಂಚೆಯ ಕಾಗದಕ್ಕೆ ಬರೆದವನೇ ಸ್ಟ್ಯಾಂಪು ಹಚ್ಚಬೇಕು. ಮಿಂಚಂಚೆಯಲ್ಲಿ, ಅಂದರೆ ಇ-ಮೇಲ್‌ನಲ್ಲಿ, ಹಾಗಿಲ್ಲ. ಒಂದು ಪತ್ರಕ್ಕೂ ಲಕ್ಷ ಪತ್ರಗಳಿಗೂ ಕಳುಹಿಸುವವನ ವೆಚ್ಚದಲ್ಲಿ ಹೆಚ್ಚಿನ ಅಂತರವಿಲ್ಲ. ಅವನ್ನು ಸಾಗಿಸುವ ಹೊರೆ ಸೇವಾ ಸಂಸ್ಥೆಗೆ, ಜಾಳಿಸಿ ಎಸೆಯುವ ಶ್ರಮ ಪಡೆದವನಿಗೆ. ಕೇಳದೆ ಬಂದು ಬೀಳುವ ಈ ಪತ್ರರಾಶಿಗೆ ‘ಸ್ಪ್ಯಾಮ್’ ಎಂದು ಹೆಸರು.

ಈ ಪಿಡುಗು ಹಳೆಯದು. 1978ರ ಮೇ ತಿಂಗಳಲ್ಲಿ ಅಮೆರಿಕದ ಗ್ಯಾರಿ ಥರ್ಕ್ ಎಂಬುವರು ತಮ್ಮ ಕಂಪನಿಯ ಗಣಕಯಂತ್ರಗಳ ಪ್ರಚಾರಕ್ಕಾಗಿ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಮ್ಮೆಗೇ ಪತ್ರ ಕಳುಹಿಸಿದರು. ಸರ್ಕಾರಿ ಕಾರ್ಯಕ್ಕೆ ಮೀಸಲಾದ ಜಾಲವನ್ನು ವ್ಯಾಪಾರಕ್ಕೆ ಬಳಸಿದರೆಂದು ಅದರ ಆಡಳಿತದವರು ಆಕ್ಷೇಪಿಸಿದರು. ಮುಂದೆ ಜಾಲವು ಸಾರ್ವಜನಿಕರಿಗೆ ತೆರೆದಂತೆ, ಸೇವಾ ಸಂಸ್ಥೆಗಳು ತಂತಮ್ಮ ‘ಸದ್ಬಳಕೆಯ ನಿಯಮಾವಳಿ’ಗಳನ್ನು ರಚಿಸಿಕೊಂಡವು. ಭಾರತದಲ್ಲಿ ಸಾರ್ವಜನಿಕ ಅಂತರಜಾಲ ಸೇವೆ 1995ರ ಆಗಸ್ಟ್ 15ರಂದು ಆರಂಭವಾಯಿತು.

ಖಾತೆ ತೆರೆಯುವಾಗ ಓದದೆಯೇ ಒಪ್ಪಿಗೆ ನೀಡುವ ಕರಾರಿನಲ್ಲಿ ಈ ನಿಯಮಗಳು ಅಡಕವಾಗಿರುತ್ತವೆ. ಒಪ್ಪಿಗೆಯಿಲ್ಲದವರಿಗೆ ರಾಶಿ ಪತ್ರ ಕಳುಹಿಸುವುದು, ಸುಳ್ಳು ಹೆಸರಿನಿಂದ ವಂಚಿಸುವುದು, ಬೆದರಿಸುವುದು, ವೈರಸ್ ಹರಡುವುದು ಇವೆಲ್ಲ ಸಾಮಾನ್ಯವಾಗಿ ನಿಷಿದ್ಧ. ತಪ್ಪಿದವರಿಗೆ ಎಚ್ಚರಿಕೆ, ಬಳಿಕ ಖಾತೆಯ ತಡೆ ಅಥವಾ ರದ್ದತಿ. ಪಾಸ್‌ವರ್ಡ್ ಕಳ್ಳರ ಕೈಸೇರಿದಾಗ ನಿರಪರಾಧಿಯ ಖಾತೆಯೂ ತಡೆಹಿಡಿಯಲ್ಪಡುವುದುಂಟು. ಇದು ಶಿಕ್ಷೆಯೆಂದು ತೋರಿದರೂ ವಾಸ್ತವವಾಗಿ ರಕ್ಷಣೆ. ಮುಂಬಯಿಯ ಮಗನ ಖಾತೆಯಿಂದ ಹುಬ್ಬಳ್ಳಿಯ ತಂದೆಗೆ ‘ತುರ್ತಾಗಿ ಹಣ ಕಳುಹಿಸಿ’ ಎಂಬ ಪತ್ರ ಹೋದರೆ, ದೂರದಲ್ಲಿರುವ ವೃದ್ಧರು ಅದನ್ನು ನಂಬದಿರುವುದು ಕಷ್ಟ.

ದೂರು ನೀಡುವ ಕ್ರಮವನ್ನು ತಿಳಿದಿರಬೇಕು. ಇಂಥ ದೂರುಗಳಿಗಾಗಿ ಪ್ರತಿ ಸಂಸ್ಥೆಯೂ ‘ಅಬ್ಯೂಸ್’ ಎಂಬ ಹೆಸರಿನ ವಿಳಾಸವನ್ನು ಇರಿಸಿಕೊಳ್ಳಬೇಕೆಂಬ ಪದ್ಧತಿ 1997ರಲ್ಲಿ ರೂಪುಗೊಂಡಿತು. ಪತ್ರದ ಮೇಲೆ ಕಾಣುವ ಹೆಸರನ್ನು ಯಾರು ಬೇಕಾದರೂ ಸುಳ್ಳಾಗಿ ಬರೆಯಬಹುದು. ಆದರೆ ‘ಹೆಡರ್’ ಎಂಬ ಮರೆಯಾದ ಭಾಗದಲ್ಲಿ ಪತ್ರವು ಹಾದುಬಂದ ಯಂತ್ರಗಳ ವಿವರ, ಅಂಚೆಯ ಮುದ್ರೆಗಳಂತೆ, ದಾಖಲಾಗಿರುತ್ತದೆ. ಅಲ್ಲಿಯೂ ಕೆಲವು ಸಾಲುಗಳನ್ನು ಕಳ್ಳರು ಸೃಷ್ಟಿಸಬಲ್ಲರು. ಆದರೂ ಪತ್ರ ಪಡೆದ ಸಂಸ್ಥೆಯೇ ಬರೆದ ಸಾಲು ತನಿಖೆಗೆ ಆಧಾರವಾಗುತ್ತದೆ. ಪತ್ರವನ್ನು ಬರಿದೆ ಫಾರ್ವರ್ಡ್ ಮಾಡಿದರೆ ಈ ಭಾಗ ಉಳಿಯದಿರಬಹುದು. ಆದ್ದರಿಂದ ಮೂಲ ಪತ್ರವನ್ನು ಅಳಿಸದೆ, ಹೆಡರ್ ಸಹಿತ ದೂರಿಗೆ ಲಗತ್ತಿಸಬೇಕು. ವಂಚಕನಿಗೆ ಉತ್ತರಿಸಬಾರದು, ಉತ್ತರಿಸಿದರೆ ವಿಳಾಸ ಜೀವಂತವಾಗಿದೆಯೆಂದು ಅವನಿಗೆ ತಿಳಿಸಿದಂತಾಗುತ್ತದೆ.

ಸೇವಾ ಸಂಸ್ಥೆ ಖಾತೆಯನ್ನು ಮುಚ್ಚಬಲ್ಲದು, ಕಳೆದ ಹಣವನ್ನು ಮರಳಿಸಲಾರದು. ಹಣ ಹೋಗಿದ್ದರೆ ವಿಳಂಬವಿಲ್ಲದೆ ಬ್ಯಾಂಕಿಗೂ 1930 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಬೇಕು. ಗಣಕದ ಮೂಲಕ ಅನ್ಯರ ಸೋಗಿನಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ವಿಧಿಯನ್ವಯ 3 ವರ್ಷಗಳವರೆಗಿನ ಸೆರೆವಾಸಕ್ಕೂ 1 ಲಕ್ಷ ರೂಪಾಯಿಗಳವರೆಗಿನ ದಂಡಕ್ಕೂ ಅರ್ಹವಾದ ಅಪರಾಧ.

ನಿಯಮಗಳು ಸಂಘ-ಸಂಸ್ಥೆಗಳಿಗೂ ಅನ್ವಯಿಸುತ್ತವೆ. ರಾಜ್ಯೋತ್ಸವದ ಆಹ್ವಾನವೇ ಆಗಲಿ, ಸದಸ್ಯರ ಒಪ್ಪಿಗೆ ಪಡೆದು, ಒಬ್ಬರ ವಿಳಾಸ ಮತ್ತೊಬ್ಬರಿಗೆ ಕಾಣದಂತೆ ಕಳುಹಿಸುವುದು ಲೇಸು. ಊರಿನ ಹಿರಿಯರಿಗೂ ಒಂದು ಮಾತು ಹೇಳಿಟ್ಟಿರಬೇಕು: ಹಣ ಕೇಳುವ ಪತ್ರ ಬಂದರೆ, ಮಗನ ಹೆಸರಿನಲ್ಲಿದ್ದರೂ ಸರಿಯೆ, ಮೊದಲು ಫೋನಿನಲ್ಲಿ ಅವನ ದನಿ ಕೇಳಿ, ಮಾತಾಡಿಸಿ ಖಚಿತಪಡಿಸಿಕೊಳ್ಳಲಿ.